ಬಾಯ್ಲರ್ ಪ್ರೆಶರ್ ಪದೇ ಪದೇ ಇಳಿಯುತ್ತಿದೆ, ಮನೆಯಲ್ಲಿ ಎಲ್ಲೂ ಒದ್ದೆ ಇಲ್ಲ

ತುಂಗಾತೀರ (ರೀಡಿಂಗ್)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಮನೆ ಮಾಡಿಕೊಂಡಿರುವವರು, ಸೆಂಟ್ರಲ್ ಹೀಟಿಂಗ್ ಬಗ್ಗೆ ತಿಳಿದವರು ಸ್ವಲ್ಪ ದಾರಿ ತೋರಿಸಿ.

ನಮ್ಮದು ತೊಂಬತ್ತರ ದಶಕದ ಸೆಮಿ ಮನೆ, ಅಂದರೆ ಒಂದು ಗೋಡೆ ಪಕ್ಕದ ಮನೆಗೆ ಅಂಟಿದ್ದು. ಅಡುಗೆಮನೆಯಲ್ಲಿ ಕಾಂಬಿ ಬಾಯ್ಲರ್ (ಹೀಟಿಂಗಿಗೂ ನಲ್ಲಿಯ ಬಿಸಿನೀರಿಗೂ ಒಂದೇ), ಒಟ್ಟು ಹತ್ತು ರೇಡಿಯೇಟರ್. ಕೆಳಗೆ ಕಾಂಕ್ರೀಟ್ ನೆಲ, ಮೇಲಿನ ಮಹಡಿಗೆ ಮರದ ಹಲಗೆ. ಚಳಿಗೆ ಹೀಟಿಂಗ್ ಹಾಕಲು ಶುರು ಮಾಡಿದಾಗಿನಿಂದ ಪ್ರೆಶರ್ ನಿಲ್ಲುತ್ತಿಲ್ಲ. 1.5 ಬಾರ್‌ಗೆ ತುಂಬಿಸಿದರೆ ವಾರ ತುಂಬುವುದರೊಳಗೆ 0.5ಕ್ಕೆ ಬಂದು ಬಾಯ್ಲರ್ ಲಾಕ್ ಆಗುತ್ತದೆ. ಮತ್ತೆ ಫಿಲ್ಲಿಂಗ್ ಲೂಪ್ (ಹೊಸ ನೀರು ಒಳಗೆ ಬಿಡುವ ಪೈಪಿನ ವಾಲ್ವ್) ತಿರುಗಿಸು, ಮತ್ತೆ ತುಂಬಿಸು. ಅದೂ ಸರಿಯಾಗಿ ಮಗುವಿಗೆ ಸ್ನಾನ ಮಾಡಿಸುವ ಹೊತ್ತಿಗೇ ಕೈ ಕೊಡುತ್ತದೆ.

ಒಬ್ಬರು ಪ್ಲಂಬರನ್ನು ಕರೆಸಿದೆವು. ಮನೆಯನ್ನು ಒಂದು ಸುತ್ತು ನೋಡಿ, "ಲೀಕ್ ಕಾಣುತ್ತಿಲ್ಲ, ಬಾಯ್ಲರ್ ಹಳೆಯದಾಯಿತು, ಬದಲಾಯಿಸಿಬಿಡಿ" ಎಂದರು. ದುಡ್ಡು ತೆಗೆದುಕೊಂಡು ಹೋದರು. ನೀರು ಎಲ್ಲಿಗೆ ಹೋಗುತ್ತಿದೆ ಅಂತಲೇ ತಿಳಿಯದೆ ಸಾವಿರಾರು ಪೌಂಡ್ ಸುರಿಯಲು ಮನಸ್ಸಿಲ್ಲ. ಸೀಲಿಂಗಿನಲ್ಲಿ ಕಲೆ ಇಲ್ಲ, ಕಾರ್ಪೆಟ್ ಒಣಗಿದೆ. ಎಲ್ಲಿಂದ ಶುರು ಮಾಡಲಿ?

ಜೋಳದರೊಟ್ಟಿ

ಲೀಕ್ ಸೀಲರ್ ಅಂತ ಒಂದು ಬಾಟಲಿ ಸಿಗುತ್ತದೆ. ಸಿಸ್ಟಮ್ ಒಳಗೆ ಹಾಕಿ ಒಂದೆರಡು ದಿನ ಹೀಟಿಂಗ್ ಓಡಿಸಿ. ನಮ್ಮ ಪಕ್ಕದ ಮನೆಯವರಿಗೆ ಅದರಿಂದಲೇ ಸರಿಹೋಯಿತು. ಯಾಕೆ ಸುಮ್ನೆ ತಲೆ ಕೆಡಿಸಿಕೊಳ್ಳುತ್ತೀರಿ?

ಪೈಪ್‌ಲೈನ್ (ಕಾವೆಂಟ್ರಿ)

ದಯವಿಟ್ಟು ಬಾಟಲಿಗೆ ಈಗಲೇ ಕೈ ಹಾಕಬೇಡಿ. ನಾನು ಇದೇ ಕೆಲಸ ಮಾಡುವವನು. ಸೀಲರ್ ಕೆಲವೊಮ್ಮೆ ಸಣ್ಣ ಜಿನುಗನ್ನು ಮುಚ್ಚುವುದು ನಿಜ. ಆದರೆ ನೀರು ಸೇಫ್ಟಿ ವಾಲ್ವ್ ಮೂಲಕ ಹೊರಗೆ ಹೋಗುತ್ತಿದ್ದರೆ ಸೀಲರ್ ಏನು ಮಾಡಬೇಕು? ಕೆಲವು ಬಾಯ್ಲರ್ ಕಂಪನಿಗಳು ಅದನ್ನು ಹಾಕಿದರೆ ವಾರಂಟಿ ಕೊಡುವುದಿಲ್ಲ ಅನ್ನುತ್ತವೆ. ಅದು ಕೊನೆಯ ಅಸ್ತ್ರ, ಮೊದಲನೆಯದಲ್ಲ.

ತುಂಗಾತೀರ ಅವರೇ, ನಿಮ್ಮ ಪೋಸ್ಟಿನಲ್ಲಿ ಎಷ್ಟು ಇಳಿಯಿತು ಅನ್ನುವುದಿದೆ. ಯಾವಾಗ ಇಳಿಯಿತು ಅನ್ನುವುದಿಲ್ಲ. ಪತ್ತೆ ಹಚ್ಚುವುದೆಲ್ಲ ಅದರಲ್ಲೇ ಇದೆ. ಬೆಳಿಗ್ಗೆ ಹೀಟಿಂಗ್ ಹಾಕುವ ಮೊದಲು ಪ್ರೆಶರ್ ಗೇಜಿನ ಮುಳ್ಳು ಎಲ್ಲಿದೆ ನೋಡಿ. ರೇಡಿಯೇಟರ್ ಎಲ್ಲ ಪೂರ್ತಿ ಬಿಸಿಯಾದ ಮೇಲೆ ಎಲ್ಲಿಗೆ ಏರಿತು ನೋಡಿ. ಆಫ್ ಮಾಡಿ ಪೂರ್ತಿ ತಣ್ಣಗಾದ ಮೇಲೆ ಮತ್ತೆ ನೋಡಿ. ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಸಾಕು.

ಆರೋಗ್ಯವಾಗಿರುವ ಸಿಸ್ಟಮ್ ತಣ್ಣಗಿದ್ದಾಗ 1ರಿಂದ 1.5 ಬಾರ್ ಇರುತ್ತದೆ. ಬಿಸಿಯಾದಾಗ 2ರ ಆಸುಪಾಸಿಗೆ ಹೋಗುತ್ತದೆ. ತಣ್ಣಗಾದಾಗ ಹೊರಟ ಜಾಗಕ್ಕೇ ವಾಪಸ್. ಬಿಸಿಯಾದಾಗ 2.5 ದಾಟಿ 3ರ ಕಡೆ ಓಡಿದರೆ ಅದು ಒಂದು ಕಥೆ. 2ರೊಳಗೇ ಇದ್ದು, ಹಗಲೂ ರಾತ್ರಿ ಸ್ವಲ್ಪ ಸ್ವಲ್ಪವೇ ಇಳಿಯುತ್ತಿದ್ದರೆ ಅದು ಬೇರೆಯೇ ಕಥೆ.

ಕಾಫಿತೋಟ (ಲೀಡ್ಸ್)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯಲ್ಲೂ ಇದೇ ರೋಗ. ನಿಮ್ಮ ಮಾತು ಓದಿ ಈಗ ತಾನೇ ಹೋಗಿ ನೋಡಿದೆ. ಹೀಟಿಂಗ್ ಓಡುತ್ತಿದೆ, ಮುಳ್ಳು 2.8 ದಾಟಿದೆ! ಬೆಳಿಗ್ಗೆ ಅದೇ ಮುಳ್ಳು 0.5ರ ಕೆಳಗಿತ್ತು. ನಾನು ತುಂಬಿಸಿದ್ದು 1.2ಕ್ಕೆ. ಏನಾದರೂ ಸಿಡಿಯುತ್ತದಾ?

ಪೈಪ್‌ಲೈನ್

ಸಿಡಿಯುವುದಿಲ್ಲ, ಅದಕ್ಕೆಂದೇ ಸೇಫ್ಟಿ ವಾಲ್ವ್ ಇದೆ. ನಾವು ಪಿಆರ್‌ವಿ ಅನ್ನುತ್ತೇವೆ. 3 ಬಾರ್ ಆದ ಕೂಡಲೇ ತೆರೆದುಕೊಂಡು ನೀರನ್ನು ಮನೆಯ ಹೊರಗೆ ಬಿಡುತ್ತದೆ. ಬಾಯ್ಲರ್ ಹಿಂದಿನ ಹೊರಗೋಡೆಯಲ್ಲಿ ಒಂದು ಸಣ್ಣ ತಾಮ್ರದ ಪೈಪ್ ಹೊರಬಂದು ಗೋಡೆಯ ಕಡೆಗೇ ಬಾಗಿರುತ್ತದೆ. ಸಾಮಾನ್ಯವಾಗಿ 15 ಮಿಮೀ. ಅದರ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ ಸಡಿಲವಾಗಿ ಕಟ್ಟಿ, ಬೆಳಿಗ್ಗೆ ನೋಡಿ. ಬಿಗಿಯಾಗಿ ಕಟ್ಟಬೇಡಿ. ಹೀಟಿಂಗ್ ಓಡುವಾಗ ಅದರ ಹತ್ತಿರ ಕೈ ಒಡ್ಡಬೇಡಿ, ಬರುವ ನೀರು ಸುಡುವಷ್ಟು ಬಿಸಿ ಇರುತ್ತದೆ.

ನನಗನ್ನಿಸುವುದು, ನಿಮ್ಮ ಎಕ್ಸ್‌ಪ್ಯಾನ್ಷನ್ ವೆಸೆಲ್‌ನಲ್ಲಿ ಗಾಳಿ ಹೋಗಿದೆ. ಬಾಯ್ಲರ್ ಒಳಗೆ ಒಂದು ಉಕ್ಕಿನ ಡಬ್ಬಿ ಇರುತ್ತದೆ. ಮಧ್ಯೆ ರಬ್ಬರ್ ಪೊರೆ, ಒಂದು ಕಡೆ ಹೀಟಿಂಗ್ ನೀರು, ಇನ್ನೊಂದು ಕಡೆ ಗಾಳಿ. ನೀರು ಬಿಸಿಯಾಗಿ ಹಿಗ್ಗಿದಾಗ ಆ ಗಾಳಿ ಕುಗ್ಗಿ ಜಾಗ ಮಾಡಿಕೊಡಬೇಕು. ವರ್ಷಗಳು ಕಳೆದಂತೆ ಗಾಳಿ ಸೋರಿಹೋಗುತ್ತದೆ. ಸರ್ವಿಸ್ ಮಾಡುವವರು ಅದನ್ನು ನೋಡಬೇಕು. ಬಹಳ ಜನ ನೋಡುವುದಿಲ್ಲ.

ಲೆಕ್ಕದಪುಸ್ತಕ

ಇದನ್ನು ಅಂಕಿಯಲ್ಲಿ ನೋಡಿದರೆ ಚೆನ್ನಾಗಿ ತಲೆಗೆ ಹತ್ತುತ್ತದೆ. ನನಗೆ ಇಂಥದ್ದು ಇಷ್ಟ, ಸಹಿಸಿಕೊಳ್ಳಿ.

ಸಿಸ್ಟಮ್‌ನಲ್ಲಿ 100 ಲೀಟರ್ ನೀರು ಇದೆ ಅಂದುಕೊಳ್ಳಿ. 10 ಡಿಗ್ರಿಯಿಂದ 70 ಡಿಗ್ರಿಗೆ ಹೋದರೆ ಅದು ಸುಮಾರು 2.2 ಲೀಟರ್ ಹಿಗ್ಗುತ್ತದೆ. ವೆಸೆಲ್ 8 ಲೀಟರಿನದು, ಪೂರ್ತಿ ಗಾಳಿ ಇದೆ, ಶುರುವಿನ ಪ್ರೆಶರ್ 1 ಬಾರ್. ಗೇಜು ತೋರಿಸುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ (ಅದು ಸುಮಾರು 1 ಬಾರ್) ಎಷ್ಟು ಹೆಚ್ಚು ಅನ್ನುವುದನ್ನು. ಹಾಗಾಗಿ ನಿಜವಾದ ಒತ್ತಡ 2 ಬಾರ್. ಗಾಳಿ 8ರಿಂದ 5.8 ಲೀಟರಿಗೆ ಕುಗ್ಗುತ್ತದೆ. 2 ಗುಣಿಸು 8 ಭಾಗಿಸು 5.8, ಅಂದರೆ 2.76. ಗೇಜಿನಲ್ಲಿ 1.76. ಪೈಪ್‌ಲೈನ್ ಅವರು ಹೇಳಿದ "2ರ ಆಸುಪಾಸು" ಬಂತಲ್ಲ.

ಈಗ ಅದೇ ವೆಸೆಲ್‌ನಲ್ಲಿ 3 ಲೀಟರ್ ಗಾಳಿ ಮಾತ್ರ ಉಳಿದಿದೆ ಅನ್ನಿ. ನೀರು 1.5 ಲೀಟರ್ ಹಿಗ್ಗುವಷ್ಟರಲ್ಲೇ ಗೇಜು 3 ಬಾರ್ ತಲುಪುತ್ತದೆ. ಇನ್ನೂ 0.7 ಲೀಟರ್ ಹಿಗ್ಗುವುದು ಬಾಕಿ ಇದೆ. ಅದು ಪಿಆರ್‌ವಿ ಮೂಲಕ ಹೊರಗೆ. ತಣ್ಣಗಾದಾಗ ಅಷ್ಟು ನೀರು ಕಡಿಮೆ ಇರುವುದರಿಂದ ಗೇಜು 0.6ಕ್ಕೆ ಬಂದು ನಿಲ್ಲುತ್ತದೆ. ಅಂದರೆ ಪೈಪಿನಲ್ಲಿ ಒಂದೂ ತೂತು ಇಲ್ಲದೆ, ಒಂದೇ ದಿನದಲ್ಲಿ 1ರಿಂದ 0.6. ನೀವು ಮತ್ತೆ ತುಂಬಿಸುತ್ತೀರಿ, ಅದು ಮತ್ತೆ ಹೊರಗೆ ಬಿಡುತ್ತದೆ.

ಹಳೇಮನೆ (ಸ್ಲೌ)

ಬೆಂಗಳೂರಿನಲ್ಲಿ ತಾರಸಿ ಮೇಲೆ ಟ್ಯಾಂಕು, ಅದರ ಪಕ್ಕ ಸೋಲಾರು, ನೀರು ಬಿಸಿಯಾದರೆ ಮೇಲಿನ ಗಾಳಿ ಪೈಪಿನಲ್ಲಿ ಏರಿಕೊಳ್ಳುತ್ತದೆ. ಪ್ರೆಶರ್ ಅನ್ನುವ ಮಾತೇ ಇಲ್ಲ. ಇಲ್ಲಿಗೆ ಬಂದ ಮೇಲೆ ಇದೊಂದು ಹೊಸ ಕಾಟ.

ನನ್ನ ಪ್ರಶ್ನೆ ಬೇರೆ. ನಾವು ಬಾಡಿಗೆಗೆ ಇರುವವರು. ನಮ್ಮಲ್ಲೂ ಪ್ರೆಶರ್ ಇಳಿಯುತ್ತದೆ. ಮನೆ ಮಾಲೀಕರು "ನೀವೇ ತುಂಬಿಸಿಕೊಳ್ಳಿ, ಅದು ಸಾಮಾನ್ಯ" ಅನ್ನುತ್ತಾರೆ. ನಾನೇ ಯಾರನ್ನಾದರೂ ಕರೆಸಬೇಕಾ?

ಪೈಪ್‌ಲೈನ್

ಬೇಡ. ಇಂಗ್ಲೆಂಡಿನಲ್ಲಿ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹೀಟಿಂಗ್ ಮತ್ತು ಬಿಸಿನೀರಿನ ವ್ಯವಸ್ಥೆ ರಿಪೇರಿ ಮಾಡಿಸುವುದು ಮಾಲೀಕರ ಹೊಣೆ. ಅವರಿಗೆ ಬರಹದಲ್ಲಿ ತಿಳಿಸಿ, ಗೇಜಿನ ಫೋಟೊ ಹಾಕಿ. ವರ್ಷಕ್ಕೊಮ್ಮೆ ಸಿಗುವುದು ಆಗಾಗ ಬರೀ ಗ್ಯಾಸ್ ಸೇಫ್ಟಿ ತಪಾಸಣೆ ಮಾತ್ರ. ಅದರಲ್ಲಿ ವೆಸೆಲ್ ಗಾಳಿ ನೋಡಿರಲೇಬೇಕು ಅಂತಿಲ್ಲ. ಎರಡೂ ಒಂದೇ ಅಂದುಕೊಳ್ಳಬೇಡಿ.

ಅಪರೂಪಕ್ಕೊಮ್ಮೆ, ಅಂದರೆ ಹಲವು ತಿಂಗಳಿಗೆ ಒಂದು ಸಲ ತುಂಬಿಸುವುದಾದರೆ ನಾನೂ ಸಾಮಾನ್ಯ ಅನ್ನುತ್ತೇನೆ. ವಾರವಾರವೂ ತುಂಬಿಸುವುದು ಸಾಮಾನ್ಯ ಅಲ್ಲ. ಪ್ರತಿ ಸಲ ಒಳಗೆ ಹೋಗುವ ಹೊಸ ನೀರಿನಲ್ಲಿ ಆಮ್ಲಜನಕ ಇರುತ್ತದೆ, ಅದು ಉಕ್ಕಿನ ರೇಡಿಯೇಟರನ್ನು ತಿನ್ನುತ್ತದೆ. ಹಾಗಾಗಿಯೇ ಕಪ್ಪು ಕೆಸರು ಆಗುವುದು.

ತುಂಗಾತೀರ

ನೋಡಿದೆ. ತಣ್ಣಗಿದ್ದಾಗ 1.4, ಪೂರ್ತಿ ಬಿಸಿಯಾದಾಗ 1.9. ತಣ್ಣಗಾದ ಮೇಲೆ 1.4ಕ್ಕಿಂತ ಕೂದಲೆಳೆಯಷ್ಟು ಕೆಳಗೆ. ಹೊರಗಿನ ತಾಮ್ರದ ಪೈಪಿಗೆ ಚೀಲ ಕಟ್ಟಿದ್ದೆ, ಒಣಗಿಯೇ ಇದೆ. ಅಂದರೆ ನನ್ನದು ಕಾಫಿತೋಟ ಅವರ ಕಥೆ ಅಲ್ಲ, ಅಲ್ವಾ?

ಲೆಕ್ಕದಪುಸ್ತಕ

ಅಲ್ಲ. ಹಾಗೇ ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ. ನಿಮ್ಮ ವೆಸೆಲ್ ಚೆನ್ನಾಗಿದೆ, ಅದರ ಗಾಳಿ 0.75 ಬಾರ್, ಅಳತೆ 8 ಲೀಟರ್ ಅಂದುಕೊಂಡರೆ, 1.5ರಿಂದ 0.75ಕ್ಕೆ ಇಳಿಯಲು ಕಳೆದುಹೋಗುವ ನೀರು ಸುಮಾರು 2.4 ಲೀಟರ್. ವಾರಕ್ಕೆ 2.4 ಲೀಟರ್ ಅಂದರೆ ಗಂಟೆಗೆ ಮೂರು ಟೀ ಚಮಚಕ್ಕೂ ಕಡಿಮೆ. ನಿಮಿಷಕ್ಕೆ ಐದು ಹನಿ. ಬಿಸಿ ಪೈಪಿನ ಮೇಲೆ ಬಿದ್ದರೆ ಅದು ಒದ್ದೆ ಮಾಡುವ ಮೊದಲೇ ಆರಿಹೋಗುತ್ತದೆ. ಪ್ಲಂಬರ್ ಕಣ್ಣಿಗೆ ಏನೂ ಕಾಣದಿದ್ದರೆ ಆಶ್ಚರ್ಯ ಇಲ್ಲ. ಕಾಣಲಿಲ್ಲ ಅಂತ ಬಾಯ್ಲರ್ ಬದಲಾಯಿಸಿ ಅಂದದ್ದು ಮಾತ್ರ ಆಶ್ಚರ್ಯ.

ಪೈಪ್‌ಲೈನ್

ಈಗ ಮನೆಯನ್ನು ಎರಡು ಭಾಗ ಮಾಡೋಣ. ನೀರು ಹೋಗುತ್ತಿರುವುದು ಬಾಯ್ಲರ್ ಒಳಗೋ, ಪೈಪು ರೇಡಿಯೇಟರಿನಲ್ಲೋ?

ಬಾಯ್ಲರ್ ಕೆಳಗೆ ಸಾಲಾಗಿ ಪೈಪುಗಳಿವೆ. ಅದರಲ್ಲಿ ಹೀಟಿಂಗಿನ ಫ್ಲೋ (ಬಿಸಿನೀರು ಹೋಗುವ ಪೈಪ್) ಮತ್ತು ರಿಟರ್ನ್ (ವಾಪಸ್ ಬರುವ ಪೈಪ್) ಎರಡಕ್ಕೂ ವಾಲ್ವ್ ಇರುತ್ತದೆ. ಯಾವುದು ಯಾವುದು ಅಂತ ಮ್ಯಾನ್ಯುವಲ್‌ನ ಚಿತ್ರದಲ್ಲಿ ಇದೆ. ಹಿಂದಿನ ದಿನ ಸಂಜೆಯೇ ಹೀಟಿಂಗ್ ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಇದು ಮುಖ್ಯ. ಬಿಸಿ ಇರುವಾಗ ಮುಚ್ಚಿದರೆ ತಣ್ಣಗಾಗುತ್ತಾ ಒತ್ತಡ ತಾನಾಗಿಯೇ ಇಳಿಯುತ್ತದೆ. ನೀವು ಲೀಕ್ ಇದೆ ಅಂದುಕೊಳ್ಳುತ್ತೀರಿ. ತಣ್ಣಗಾದ ಮೇಲೆ 1.5ಕ್ಕೆ ತುಂಬಿಸಿ, ಬಾಯ್ಲರಿನ ಕರೆಂಟ್ ಸ್ವಿಚ್ ಆಫ್ ಮಾಡಿ, ಎರಡೂ ವಾಲ್ವ್ ಮುಚ್ಚಿ. ವಾಲ್ವ್ ಮುಚ್ಚಿಟ್ಟು ಬಾಯ್ಲರ್ ಹಚ್ಚುವಂತೆಯೇ ಇಲ್ಲ, ಮನೆಯವರಿಗೆಲ್ಲ ಹೇಳಿಡಿ. ಸ್ನಾನಕ್ಕೆ ಬಿಸಿನೀರೂ ಆ ಹೊತ್ತಿಗೆ ಇಲ್ಲ.

ಗೇಜು ಇರುವುದು ಬಾಯ್ಲರ್ ಕಡೆ. ಬೆಳಿಗ್ಗೆ ಅದು ಇಳಿದಿದ್ದರೆ ತೊಂದರೆ ಬಾಯ್ಲರ್ ಒಳಗೆ. 1.5ರಲ್ಲೇ ನಿಂತಿದ್ದು, ವಾಲ್ವ್ ತೆರೆದ ಕೂಡಲೇ ಕೆಳಗೆ ಬಿದ್ದರೆ ಪೈಪುಗಳ ಕಡೆ. ಹಳೆಯ ವಾಲ್ವ್ ಪೂರ್ತಿ ಮುಚ್ಚದೇ ಇರಬಹುದು. ವರ್ಷಾನುಗಟ್ಟಲೆ ತಿರುಗಿಸದಿದ್ದರೆ ಸ್ಪಿಂಡಲಿನಿಂದ (ವಾಲ್ವಿನ ತಿರುಗುವ ಕಡ್ಡಿಯಿಂದ) ಹನಿ ಶುರುವಾಗುವುದೂ ಉಂಟು. ಮೆಲ್ಲಗೆ ತಿರುಗಿಸಿ, ಬಲವಂತ ಮಾಡಬೇಡಿ.

ಅದೇ ಹೊತ್ತಿಗೆ ಕಂಡೆನ್ಸೇಟ್ ಪೈಪನ್ನೂ ಗಮನಿಸಿ. ಬಾಯ್ಲರಿನಿಂದ ಡ್ರೈನಿಗೆ ಹೋಗುವ ಪ್ಲಾಸ್ಟಿಕ್ ಪೈಪ್ ಅದು. ಬಾಯ್ಲರ್ ಉರಿಯುವಾಗ ಅದರಲ್ಲಿ ನೀರು ಬರುವುದು ಸಹಜ. ಆರಿಸಿ ಗಂಟೆಗಟ್ಟಲೆ ಆದ ಮೇಲೂ ಹನಿಯುತ್ತಿದ್ದರೆ ಉರಿಯ ಬಿಸಿಯನ್ನು ನೀರಿಗೆ ದಾಟಿಸುವ ಮುಖ್ಯ ಹೀಟ್ ಎಕ್ಸ್‌ಚೇಂಜರ್ ತೂತಾಗಿರಬಹುದು. ಹಾಗಾಗಿದ್ದರೆ ಮಾತ್ರ ಹೊಸ ಬಾಯ್ಲರ್ ಮಾತು ಒಪ್ಪಬಹುದು. ಆ ನೀರು ಯಾರಿಗೂ ಕಾಣದೆ ನೇರ ಚರಂಡಿಗೆ ಹೋಗಿಬಿಡುತ್ತದೆ.

ಬಾಯ್ಲರಿನ ಮುಂದಿನ ಮುಚ್ಚಳ ಮಾತ್ರ ಬಿಚ್ಚಬೇಡಿ. ಬಹಳಷ್ಟು ಮಾಡೆಲ್‌ಗಳಲ್ಲಿ ಹೊಗೆ ಹೊರಬರದಂತೆ ತಡೆಯುವ ಸೀಲಿನ ಭಾಗವೇ ಅದು. ಅದು ಗ್ಯಾಸ್ ಸೇಫ್ ರಿಜಿಸ್ಟರ್, ಅಂದರೆ ಗ್ಯಾಸ್ ಕೆಲಸಕ್ಕೆ ಅರ್ಹರಾದವರ ಪಟ್ಟಿಯಲ್ಲಿ ಇರುವವರ ಕೆಲಸ. ಬಂದವರ ಐಡಿ ಕಾರ್ಡ್ ಕೇಳಿ, ಹಿಂದೆ ತಿರುಗಿಸಿ ನೋಡಿ. ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಅಲ್ಲಿ ಬರೆದಿರುತ್ತದೆ.

ಇಸಾರ್ ದಂಡೆ (ಮ್ಯೂನಿಕ್)

ಜರ್ಮನಿಯಿಂದ ಎರಡು ಮಾತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾಯ್ಲರ್ ನೆಲಮಾಳಿಗೆಯಲ್ಲಿದೆ, ಪಕ್ಕದಲ್ಲಿ ದೊಡ್ಡ ಕೆಂಪು ವೆಸೆಲ್. ಅದಕ್ಕೆ ಮುಚ್ಚಳ ಹಾಕಿದ ವಿಶೇಷ ವಾಲ್ವ್ ಇರುತ್ತದೆ. ಅದನ್ನು ಮುಚ್ಚಿ ವೆಸೆಲ್‌ನ ನೀರನ್ನಷ್ಟೇ ಖಾಲಿ ಮಾಡಿ ಗಾಳಿ ಅಳೆಯಬಹುದು. ಇಡೀ ಸಿಸ್ಟಮ್ ಬರಿದು ಮಾಡುವ ಗೋಜಿಲ್ಲ.

ಎತ್ತರದ ಲೆಕ್ಕವನ್ನೂ ಮರೆಯಬೇಡಿ. 10 ಮೀಟರ್ ನೀರು ಅಂದರೆ ಸುಮಾರು 1 ಬಾರ್. ಬಾಯ್ಲರ್ ಕೆಳಗಿದ್ದು ಮೇಲಿನ ರೇಡಿಯೇಟರ್ 5 ಮೀಟರ್ ಎತ್ತರದಲ್ಲಿದ್ದರೆ, ಗೇಜು 0.5 ತೋರಿಸುವಾಗ ಅಲ್ಲಿ ಒತ್ತಡ ಸೊನ್ನೆ. ಗಾಳಿ ಸೇರಿ ಮೇಲಿನ ಕೋಣೆಗಳೇ ಮೊದಲು ತಣ್ಣಗಾಗುತ್ತವೆ. ಜನ ಆಗ ಬ್ಲೀಡ್ ಮಾಡುತ್ತಾರೆ (ರೇಡಿಯೇಟರಿನಿಂದ ಗಾಳಿ ಹೊರಬಿಡುತ್ತಾರೆ), ಬ್ಲೀಡ್ ಮಾಡಿದರೆ ಪ್ರೆಶರ್ ಇನ್ನೂ ಇಳಿಯುತ್ತದೆ.

ಕಾಫಿತೋಟ

ಚೀಲದಲ್ಲಿ ನೀರು ಸಿಕ್ಕಿತು, ಹತ್ತಿರ ಹತ್ತಿರ ಒಂದು ಲೋಟ! ಹೊರಗೋಡೆಯಲ್ಲಿ ಬಿಳಿ ಕಲೆಯೂ ಇದೆ. ಇಷ್ಟು ದಿನ ಮಳೆ ನೀರಿನ ಕಲೆ ಅಂದುಕೊಂಡಿದ್ದೆವು. ಇಂಜಿನಿಯರ್ ಬರುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಪೈಪ್‌ಲೈನ್

ತಣ್ಣಗೆ 1.2, ಬಿಸಿಗೆ 2.8, ಬೆಳಿಗ್ಗೆ 0.5ಕ್ಕಿಂತ ಕೆಳಗೆ, ಚೀಲದಲ್ಲಿ ನೀರು. ಅಷ್ಟು ಸಾಕು, ಕೆಲಸ ಗೊತ್ತಿರುವವರಿಗೆ ಉಳಿದದ್ದು ತಿಳಿಯುತ್ತದೆ. ವೆಸೆಲ್‌ಗೆ ಕಾರಿನ ಟೈರಿಗೆ ಇರುವಂಥದ್ದೇ ವಾಲ್ವ್ ಇದೆ. ಅದನ್ನು ಒತ್ತಿದಾಗ ನೀರು ಬಂದರೆ ಪೊರೆ ಹರಿದಿದೆ, ವೆಸೆಲ್ ಬದಲಾಯಿಸಬೇಕು. ಏನೂ ಬರದಿದ್ದರೆ ಗಾಳಿ ತುಂಬಿ ನೋಡಬಹುದು. ತುಂಬುವಾಗ ನೀರಿನ ಕಡೆಯ ಒತ್ತಡ ಸೊನ್ನೆಗೆ ಇಳಿಸಿ, ಡ್ರೈನ್ ತೆರೆದಿಟ್ಟಿರಬೇಕು. ಇಲ್ಲದಿದ್ದರೆ ಪಂಪಿನ ಗೇಜು ನೀರಿನ ಒತ್ತಡವನ್ನೇ ತೋರಿಸುತ್ತದೆ, "ಗಾಳಿ ಇದೆಯಲ್ಲ" ಅನ್ನಿಸುತ್ತದೆ. ಈ ಒಂದು ಹಂತ ಬಿಟ್ಟು ವೆಸೆಲ್ ಚೆನ್ನಾಗಿದೆ ಅಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪಿಆರ್‌ವಿಯನ್ನೂ ಜೊತೆಗೇ ಹೊಸದು ಹಾಕಿಸಿ. ಪದೇ ಪದೇ ತೆರೆದ ವಾಲ್ವಿನ ಸೀಟಿನಲ್ಲಿ ಕಸ ಕೂತು, ಆಮೇಲೆ 1 ಬಾರ್‌ಗೂ ಹನಿಯುತ್ತಾ ಇರುತ್ತದೆ.

ತುಂಗಾತೀರ

ವಾಲ್ವ್ ಪರೀಕ್ಷೆ ಆಯಿತು. ರಾತ್ರಿಯಿಡೀ ಗೇಜು 1.5ರಿಂದ ಅಲ್ಲಾಡಲಿಲ್ಲ. ಬೆಳಿಗ್ಗೆ ವಾಲ್ವ್ ತೆರೆದೆ, ಕಣ್ಣೆದುರೇ 1.2ಕ್ಕೆ ಬಂತು. ಕಂಡೆನ್ಸೇಟ್ ಒಣಗಿತ್ತು. ಬಾಯ್ಲರ್ ಬಚಾವ್, ಮನೆ ಸಿಕ್ಕಿಬಿತ್ತು.

ಪೈಪ್‌ಲೈನ್

ಒಳ್ಳೆಯದು. ರೇಡಿಯೇಟರುಗಳಿಂದ ಶುರು ಮಾಡಿ. ಟಾಯ್ಲೆಟ್ ಪೇಪರ್ ತುಂಡು ತೆಗೆದುಕೊಂಡು ಪ್ರತಿ ವಾಲ್ವಿನ ನಟ್ಟು, ಸ್ಪಿಂಡಲ್, ರೇಡಿಯೇಟರಿನ ಕೆಳಗಿನ ಅಂಚು ಎಲ್ಲ ಒರೆಸಿ. ತಣ್ಣಗಿರುವಾಗ ಮಾಡಿ. ಬಿಸಿ ಇದ್ದಾಗ ಹನಿ ಆರುತ್ತದೆ, ಲೋಹ ಹಿಗ್ಗಿ ಜಾಯಿಂಟ್ ತಾನೇ ಬಿಗಿಯಾಗುವುದೂ ಇದೆ. ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ ಅಲ್ಲಿ ಎಂದೋ ಜಿನುಗಿದೆ. ಟವೆಲ್ ಒಣಗಿಸುವ ಬಾತ್‌ರೂಮ್ ರೇಡಿಯೇಟರನ್ನು ಎರಡು ಸಲ ನೋಡಿ. ಅಲ್ಲಿ ನೆಲ ಒದ್ದೆ ಇದ್ದರೆ ಯಾರೂ ಅನುಮಾನ ಪಡುವುದಿಲ್ಲ. ಆಮೇಲೆ ಮರದ ಹಲಗೆಯ ಕೆಳಗೆ, ಮೆಟ್ಟಿಲ ಕೆಳಗಿನ ಬೀರು.

ಅಲ್ಲೆಲ್ಲೂ ಸಿಗದಿದ್ದರೆ ಕಾಂಕ್ರೀಟ್ ನೆಲ. ಅದು ಬೇಸರದ ವಿಷಯ. ಸರಿಯಾಗಿ ಸುತ್ತದೆ ಹೂತ ತಾಮ್ರದ ಪೈಪು ಬಿಸಿಗೆ ಹಿಗ್ಗಿ, ತಣ್ಣಗಾಗಿ ಕುಗ್ಗಿ, ಕಾಂಕ್ರೀಟಿಗೆ ಉಜ್ಜಿ ಉಜ್ಜಿ, ತೇವದಲ್ಲಿ ಕೊರೆದು, ಸೂಜಿಮೊನೆಯಷ್ಟು ತೂತಾಗುತ್ತದೆ. ನೀರು ನೇರ ಮಣ್ಣಿಗೆ.

ಜೋಳದರೊಟ್ಟಿ

ಹಾಗಾದರೆ ಇಡೀ ನೆಲ ಅಗೆಯುವುದಾ? ಇದಕ್ಕಿಂತ ನನ್ನ ಬಾಟಲಿಯೇ ವಾಸಿ.

ಪೈಪ್‌ಲೈನ್

ಈಗ ಕೇಳಿದರೆ ನಿಮ್ಮ ಬಾಟಲಿಗೂ ಒಂದು ಜಾಗ ಇದೆ, ಪೈಪಿನ ಕಡೆ ಅಂತ ಖಚಿತ ಆಗಿದೆಯಲ್ಲ. ಆದರೂ ನಾನಾದರೆ ಮೊದಲು ಇನ್ಷೂರೆನ್ಸ್ ಪಾಲಿಸಿ ತೆಗೆದು ಓದುತ್ತೇನೆ. ಟ್ರೇಸ್ ಅಂಡ್ ಆಕ್ಸೆಸ್ ಅಂತ ಒಂದು ಕವರ್ ಬಹಳ ಮನೆ ಪಾಲಿಸಿಗಳಲ್ಲಿ ಇರುತ್ತದೆ. ಲೀಕ್ ಹುಡುಕುವುದು, ನೆಲ ಒಡೆಯುವುದು, ಮತ್ತೆ ಮುಚ್ಚುವುದು ಅದರಲ್ಲಿ ಬರುತ್ತದೆ. ಪೈಪ್ ರಿಪೇರಿ ಖರ್ಚು ಸಾಮಾನ್ಯವಾಗಿ ನಿಮ್ಮದೇ. ತಿಂಗಳುಗಟ್ಟಲೆ ಗೊತ್ತಿದ್ದೂ ಸುಮ್ಮನಿದ್ದರೆ ಕ್ಲೇಮ್ ತಗಾದೆಗೆ ಬೀಳಬಹುದು, ತಡ ಮಾಡಬೇಡಿ.

ಇಡೀ ನೆಲ ಯಾರೂ ಅಗೆಯುವುದಿಲ್ಲ. ಹೀಟಿಂಗ್ ಹಾಕಿ ಥರ್ಮಲ್ ಕ್ಯಾಮೆರಾದಲ್ಲಿ ನೋಡಿದರೆ ಪೈಪಿನ ಗೆರೆ ಕಾಣುತ್ತದೆ. ಲೀಕ್ ಇರುವ ಕಡೆ ಗೆರೆ ಅಗಲವಾಗಿ ಹರಡಿರುತ್ತದೆ. ಅನುಮಾನ ಉಳಿದರೆ ನೀರು ಖಾಲಿ ಮಾಡಿ ಟ್ರೇಸರ್ ಗ್ಯಾಸ್ ಬಿಡುತ್ತಾರೆ. 5% ಹೈಡ್ರೋಜನ್, 95% ನೈಟ್ರೋಜನ್, ಈ ಪ್ರಮಾಣದಲ್ಲಿ ಬೆಂಕಿ ಹತ್ತುವುದಿಲ್ಲ. ಹೈಡ್ರೋಜನ್ ಕಾಂಕ್ರೀಟಿನ ಮೂಲಕವೂ ಮೇಲೆ ಬರುತ್ತದೆ, ಸೆನ್ಸರ್ ಹಿಡಿದು ನೆಲದ ಮೇಲೆ ಓಡಾಡಿದರೆ ಜಾಗ ಸಿಗುತ್ತದೆ.

ಕಾಫಿತೋಟ

ನಮ್ಮದು ಮುಗಿಯಿತು. ವೆಸೆಲ್‌ನಲ್ಲಿ ಗಾಳಿಯೇ ಇರಲಿಲ್ಲ, ನೀರೂ ಬರಲಿಲ್ಲ. 1 ಬಾರ್‌ಗೆ ಗಾಳಿ ತುಂಬಿ, ಪಿಆರ್‌ವಿ ಹೊಸದು ಹಾಕಿದರು. ಈಗ ತಣ್ಣಗೆ 1.2, ಬಿಸಿಗೆ 1.8ರ ಆಸುಪಾಸು, ಬೆಳಿಗ್ಗೆ ಮತ್ತೆ 1.2. ಚೀಲ ಇನ್ನೂ ಕಟ್ಟಿಯೇ ಇದೆ, ಒಣಗಿದೆ.

ತುಂಗಾತೀರ

ರೇಡಿಯೇಟರ್ ಎಲ್ಲ ಒಣಗಿತ್ತು. ಪಾಲಿಸಿಯಲ್ಲಿ ಟ್ರೇಸ್ ಅಂಡ್ ಆಕ್ಸೆಸ್ ಇತ್ತು, ಪುಣ್ಯ. ಕ್ಯಾಮೆರಾದಲ್ಲಿ ಹಾಲ್‌ನಿಂದ ಅಡುಗೆಮನೆಗೆ ಹೋಗುವ ಬಾಗಿಲ ಹತ್ತಿರ ಗೆರೆ ಉಬ್ಬಿದ ಹಾಗೆ ಕಂಡಿತು. ಗ್ಯಾಸ್ ಸೆನ್ಸರ್ ಕೂಡ ಅಲ್ಲೇ ಕೂಗಿತು. ನಾಲ್ಕು ಟೈಲ್ ತೆಗೆದು ಒಡೆದರು. ಪೈಪಿನ ತಿರುವಿನಲ್ಲಿ ಹಸಿರುಗಟ್ಟಿ ಒಂದು ತೂತು, ಕನ್ನಡಕ ಹಾಕಿ ನೋಡಬೇಕು ಅಷ್ಟು ಸಣ್ಣದು. ಕೆಳಗಿನ ಮಣ್ಣು ಮಾತ್ರ ಚೆನ್ನಾಗಿ ನೆನೆದಿತ್ತು. ಆ ತುಂಡು ಕತ್ತರಿಸಿ, ಹೊಸದನ್ನು ಪ್ಲಾಸ್ಟಿಕ್ ಕವಚದೊಳಗೆ ಹಾಕಿದ್ದಾರೆ. ಗೇಜು ನಿಂತಿದೆ. ಬಾಯ್ಲರ್ ಹಳೆಯದೇ.

ಪೈಪ್‌ಲೈನ್

ಸಂತೋಷ. ಇನ್‌ಹಿಬಿಟರ್, ಅಂದರೆ ತುಕ್ಕು ತಡೆಯುವ ಔಷಧ, ಹಾಕಿದರಾ ಕೇಳಿ. ಇಷ್ಟು ದಿನ ತುಂಬಿಸಿದ ನೀರಿನಲ್ಲಿ ಹಳೆಯ ಔಷಧ ತೊಳೆದುಹೋಗಿರುತ್ತದೆ. ಖಾಲಿ ಮಾಡಿ ತುಂಬಿದ ಮೇಲೆ ಕೆಲವು ದಿನ ಗಾಳಿ ಹೊರಬರುತ್ತಾ ಪ್ರೆಶರ್ ಸ್ವಲ್ಪ ಇಳಿಯುತ್ತದೆ, ಗಾಬರಿ ಬೇಡ.

ಮಲ್ಲಿಗೆಮೊಗ್ಗು (ಮಿಲ್ಟನ್ ಕೀನ್ಸ್)

ನಮ್ಮದು ಉಲ್ಟಾ. ಹೀಟಿಂಗ್ ಆಫ್ ಇದ್ದರೂ ಪ್ರೆಶರ್ ತಾನಾಗಿಯೇ ಏರುತ್ತದೆ. ಬ್ಲೀಡ್ ಮಾಡಿ ಇಳಿಸಿದರೆ ಎರಡು ದಿನಕ್ಕೆ ಮತ್ತೆ 2.5.

ಪೈಪ್‌ಲೈನ್

ಮೇನ್ಸ್ ನೀರು (ಬೀದಿಯ ಕೊಳವೆಯಿಂದ ಬರುವ ನೀರು) ಒಳಗೆ ನುಗ್ಗುತ್ತಿದೆ. ಫಿಲ್ಲಿಂಗ್ ಲೂಪಿನ ಎರಡೂ ವಾಲ್ವ್ ಮುಚ್ಚಿ, ಬೆಳ್ಳಿ ಬಣ್ಣದ ಹೆಣೆದ ಪೈಪನ್ನು ಬಿಚ್ಚಿ ಪಕ್ಕಕ್ಕಿಡಿ. ತುಂಬಿಸಿದ ಮೇಲೆ ಬಿಚ್ಚಿಡಬೇಕೆಂಬುದೇ ಇಲ್ಲಿನ ನಿಯಮ. ಕೆಳಗೊಂದು ಬಟ್ಟಲು ಇಡಿ. ಬಿಚ್ಚಿದ ಬಾಯಿಯಲ್ಲಿ ನೀರು ಹನಿದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ, ಅದು ಸಣ್ಣ ಕೆಲಸ. ಬಿಚ್ಚಿ, ತುದಿಗಳಿಗೆ ಕ್ಯಾಪ್ ಹಾಕಿದ ಮೇಲೂ ಏರುತ್ತಿದ್ದರೆ ಬಿಸಿನೀರಿನ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಒಳಗೇ ತೂತಾಗಿದೆ, ಗ್ಯಾಸ್ ಸೇಫ್‌ನವರನ್ನು ಕರೆಸಿ. ಫಿಲ್ಲಿಂಗ್ ಲೂಪ್ ಬಾಯ್ಲರ್ ಒಳಗೇ ಇರುವ ಮಾಡೆಲ್ ಆಗಿದ್ದರೆ ಮಾಡೆಲ್ ಹೆಸರು ಹಾಕಿ, ನೋಡೋಣ.